ಮನೆ ವೈಫೈ, ಹೊರಗಿನ ವೈಫೈ: ಮೊದಲು ಯಾವುದು, ಆಮೇಲೆ ಯಾವುದು, ಯಾವುದು ಬೇಡವೇ ಬೇಡ

"ವೈಫೈ ಪಾಸ್‌ವರ್ಡ್ ಬದಲಾಯಿಸಿ ಆಯಿತು. ಆದರೂ ಯಾರದ್ದೋ ಫೋನ್ ಲಿಸ್ಟಲ್ಲಿ ಕಾಣುತ್ತಿದೆ." ಈ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಹೆಚ್ಚಿನವರು ಮಾಡುವ ಕೆಲಸ ಸರಿಯೇ ಇರುತ್ತದೆ, ಆದರೆ ಅರ್ಧಕ್ಕೆ ನಿಂತಿರುತ್ತದೆ. ರೂಟರ್‌ಗೆ ಎರಡು ಪಾಸ್‌ವರ್ಡ್ ಇರುತ್ತವೆ. ಒಂದು ವೈಫೈಗೆ ಸೇರಲು, ಇನ್ನೊಂದು ರೂಟರ್‌ನ ಸೆಟ್ಟಿಂಗ್ ಪುಟದ ಒಳಗೆ ಹೋಗಲು. ಮೊದಲನೆಯದನ್ನು ಮಾತ್ರ ಬದಲಾಯಿಸಿ ಎರಡನೆಯದನ್ನು ಹಾಗೇ ಬಿಟ್ಟರೆ, ಹೊಸ ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ನೇತುಹಾಕಿದ ಹಾಗೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ನಡುವೆ ಸಂಪರ್ಕ ಕಡಿದುಹೋಗುತ್ತದೆ, ಮಾಡಿದ್ದನ್ನೇ ಮತ್ತೆ ಮಾಡಬೇಕಾಗುತ್ತದೆ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ರೂಟರ್‌ನ ಅಡಿಯಲ್ಲೋ ಹಿಂದೆಯೋ ಒಂದು ಸ್ಟಿಕ್ಕರ್ ಇರುತ್ತದೆ. ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಒಂದು ಲ್ಯಾನ್ ಕೇಬಲ್ ಮತ್ತು ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಫೋನಲ್ಲೇ ಆಗುತ್ತದೆ, ಆದರೆ ಪಾಸ್‌ವರ್ಡ್ ಬದಲಾದ ಕೂಡಲೇ ಫೋನ್ ಹೊರಬಿದ್ದು ಮತ್ತೆ ಸೇರಬೇಕಾಗುತ್ತದೆ. ಬರೆದುಕೊಳ್ಳಲು ಒಂದು ಪುಸ್ತಕ, ಪೆನ್ನು. ಮನೆಯವರು ಮೀಟಿಂಗಲ್ಲೋ ಆನ್‌ಲೈನ್ ಕ್ಲಾಸಲ್ಲೋ ಇಲ್ಲದ ಒಂದು ಗಂಟೆ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ರೂಟರ್‌ನ ಹಿಂದೆ ಸಣ್ಣ ತೂತಿನೊಳಗೆ ರಿಸೆಟ್ ಬಟನ್ ಇರುತ್ತದೆ. ಪಾಸ್‌ವರ್ಡ್ ಮರೆತಿದೆ ಎಂದು ಅದನ್ನು ಪಿನ್ನಿನಿಂದ ಒತ್ತಬೇಡಿ. ಊರಿನ ಕೇಬಲ್ ಆಪರೇಟರ್ ಮೂಲಕ ಬರುವ ಫೈಬರ್ ಸಂಪರ್ಕಗಳಲ್ಲಿ ಬಹಳಷ್ಟು ಪಿಪಿಪಿಒಇ ಎಂಬ ಲಾಗಿನ್ ಮೇಲೆ ನಡೆಯುತ್ತವೆ. ಆ ಯೂಸರ್‌ನೇಮ್, ಪಾಸ್‌ವರ್ಡ್ ಎರಡೂ ರೂಟರ್ ಒಳಗೇ ಬರೆದಿರುತ್ತವೆ. ರಿಸೆಟ್ ಮಾಡಿದರೆ ಅವೂ ಅಳಿಸಿಹೋಗುತ್ತವೆ. ಆಮೇಲೆ ಲೈನ್‌ಮ್ಯಾನ್ ಬರುವ ತನಕ ಮನೆಯಲ್ಲಿ ನೆಟ್ ಇಲ್ಲ. ರಿಸೆಟ್ ಮಾಡಲೇಬೇಕಾದರೆ ಮೊದಲು ಆಪರೇಟರ್‌ಗೆ ಫೋನ್ ಮಾಡಿ ಆ ಎರಡನ್ನೂ ಕೇಳಿ ಬರೆದುಕೊಳ್ಳಿ.

## ಭಾಗ 1: ಮನೆಯ ವೈಫೈ

### ಹಂತ 1: ಸೆಟ್ಟಿಂಗ್ ಪುಟಕ್ಕೆ ಹೋಗಿ

ರೂಟರ್‌ನ ವಿಳಾಸ ಹೆಚ್ಚಾಗಿ 192.168.1.1 ಅಥವಾ 192.168.0.1 ಆಗಿರುತ್ತದೆ. ಜಿಯೋ ಫೈಬರ್‌ನಲ್ಲಿ 192.168.29.1. ನಿಮ್ಮದು ಯಾವುದೆಂದು ತಿಳಿಯದಿದ್ದರೆ ಆಂಡ್ರಾಯ್ಡ್ ಫೋನಿನ ವೈಫೈ ಸೆಟ್ಟಿಂಗಲ್ಲಿ ನಿಮ್ಮ ನೆಟ್‌ವರ್ಕ್ ಮೇಲೆ ಒತ್ತಿ, ವಿವರಗಳಲ್ಲಿ "ಗೇಟ್‌ವೇ" ಎಂದು ನೋಡಿ. ಐಫೋನಲ್ಲಿ ಅದೇ ಜಾಗದಲ್ಲಿ "ರೂಟರ್" ಎಂದಿರುತ್ತದೆ.

ಈ ಅಂಕಿಗಳನ್ನು ಬ್ರೌಸರ್‌ನ ಮೇಲಿನ ವಿಳಾಸದ ಪಟ್ಟಿಯಲ್ಲೇ ಹಾಕಬೇಕು. ಗೂಗಲ್‌ನ ಹುಡುಕುವ ಪೆಟ್ಟಿಗೆಯಲ್ಲಿ ಹಾಕಿದರೆ ಏನೇನೋ ಸೈಟುಗಳು ಬರುತ್ತವೆ. ಫೋನಿಂದ ಮಾಡುವುದಾದರೆ ಮೊಬೈಲ್ ಡೇಟಾ ಆಫ್ ಮಾಡಿ. ಇಲ್ಲದಿದ್ದರೆ ಪುಟ ತೆರೆಯದೆ ಸುಮ್ನೆ ತಿರುಗುತ್ತಾ ಇರಬಹುದು.

ಬ್ರೌಸರ್ "ಇದು ಸುರಕ್ಷಿತವಲ್ಲ" ಎಂದು ಹೇಳಬಹುದು. ರೂಟರ್‌ನ ಪುಟ ನಿಮ್ಮ ಮನೆಯೊಳಗಿನದೇ ಆದ್ದರಿಂದ ಇಲ್ಲಿ ಮಾತ್ರ ಅದನ್ನು ದಾಟಿ ಮುಂದೆ ಹೋಗಬಹುದು. ಬೇರೆಲ್ಲೂ ಹಾಗೆ ಮಾಡಬೇಡಿ. ಯಾಕೆ ಎಂಬುದು ಎರಡನೇ ಭಾಗದಲ್ಲಿದೆ.

### ಹಂತ 2: ಅಡ್ಮಿನ್ ಪಾಸ್‌ವರ್ಡ್ ಮೊದಲು

ಸ್ಟಿಕ್ಕರ್‌ನಲ್ಲಿರುವ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಒಳಗೆ ಹೋಗಿ. ಎಷ್ಟೋ ಹಳೆಯ ರೂಟರ್‌ಗಳಲ್ಲಿ ಎರಡೂ "ಅಡ್ಮಿನ್" ಎಂದೇ ಇರುತ್ತದೆ. ಯಾವ ಮಾಡೆಲ್‌ಗೆ ಯಾವ ಪಾಸ್‌ವರ್ಡ್ ಎಂಬ ಪಟ್ಟಿ ಅಂತರ್ಜಾಲದಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ. ಆದ್ದರಿಂದಲೇ ಇದು ಮೊದಲ ಕೆಲಸ. "ಸಿಸ್ಟಮ್", "ಮ್ಯಾನೇಜ್‌ಮೆಂಟ್" ಅಥವಾ "ಅಡ್ಮಿನಿಸ್ಟ್ರೇಷನ್" ಎಂಬ ಮೆನು ಹುಡುಕಿ, ಹೊಸ ಪಾಸ್‌ವರ್ಡ್ ಹಾಕಿ, ಪುಸ್ತಕದಲ್ಲಿ ಬರೆದುಕೊಳ್ಳಿ. ಇದು ವೈಫೈ ಪಾಸ್‌ವರ್ಡ್‌ಗಿಂತ ಬೇರೆಯೇ ಆಗಿರಬೇಕು. ವೈಫೈಯದ್ದನ್ನು ನೆಂಟರಿಗೆ ಕೊಡುತ್ತೀರಿ, ಬಾಡಿಗೆಯವರಿಗೆ ಕೊಡುತ್ತೀರಿ. ಇದನ್ನು ಯಾರಿಗೂ ಕೊಡುವ ಅಗತ್ಯವಿಲ್ಲ.

ಹೊಸ ಪಾಸ್‌ವರ್ಡ್ ಹಾಕಿದ ಮೇಲೆ ಲಾಗೌಟ್ ಆಗಿ ಮತ್ತೆ ಒಳಗೆ ಬನ್ನಿ. ಹಳೆಯದೂ ನಡೆಯುತ್ತಿದ್ದರೆ ಸೇವ್ ಆಗಿಲ್ಲ ಎಂದರ್ಥ. ಕೆಲವು ರೂಟರ್‌ಗಳಲ್ಲಿ "ಅಪ್ಲೈ" ಒತ್ತಿದ ಮೇಲೆ "ಸೇವ್" ಬೇರೆಯಾಗಿ ಒತ್ತಬೇಕು.

### ಹಂತ 3: ಫರ್ಮ್‌ವೇರ್ ಅಪ್‌ಡೇಟ್

ಫರ್ಮ್‌ವೇರ್ ಎಂದರೆ ರೂಟರನ್ನು ನಡೆಸುವ ಒಳಗಿನ ಸಾಫ್ಟ್‌ವೇರ್. ಇಂಟರ್ನೆಟ್ ಕಂಪನಿಯೇ ಕೊಟ್ಟ ರೂಟರ್ ಆದರೆ ಅಪ್‌ಡೇಟನ್ನು ಸಾಮಾನ್ಯವಾಗಿ ಅವರೇ ದೂರದಿಂದ ಮಾಡುತ್ತಾರೆ. ಅಂಗಡಿಯಿಂದ ಕೊಂಡು ತಂದ ಟಿಪಿ-ಲಿಂಕ್, ಡಿ-ಲಿಂಕ್‌ನಂಥ ರೂಟರ್ ಆದರೆ ನೀವೇ ನೋಡಬೇಕು. "ಫರ್ಮ್‌ವೇರ್ ಅಪ್‌ಗ್ರೇಡ್" ಎಂಬಲ್ಲಿ ಒತ್ತಿ. ತಾನಾಗಿ ಹುಡುಕುವ ಸೌಲಭ್ಯ ಇಲ್ಲದಿದ್ದರೆ ಕಂಪನಿಯ ಸ್ವಂತ ಸೈಟಿಂದ ನಿಮ್ಮ ಮಾಡೆಲ್‌ಗೆ ಮತ್ತು ಸ್ಟಿಕ್ಕರ್‌ನಲ್ಲಿರುವ ಹಾರ್ಡ್‌ವೇರ್ ವರ್ಷನ್‌ಗೆ ಸರಿಯಾದ ಫೈಲನ್ನೇ ಇಳಿಸಿಕೊಳ್ಳಿ. ಮಾಡೆಲ್ ಒಂದೇ ಇದ್ದು ವರ್ಷನ್ ಬೇರೆಯಾದರೆ ರೂಟರ್ ಕೆಟ್ಟುಹೋಗಬಹುದು.

ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಗಬಾರದು. ಕರೆಂಟ್ ಕಣ್ಣಾಮುಚ್ಚಾಲೆ ಆಡುವ ಊರಾದರೆ ರೂಟರನ್ನು ಯುಪಿಎಸ್‌ಗೆ ಸಿಕ್ಕಿಸಿ ಮಾಡಿ. ಮಳೆ, ಗುಡುಗು ಇರುವ ಸಂಜೆ ಈ ಕೆಲಸಕ್ಕೆ ಕೈ ಹಾಕಬೇಡಿ.

### ಹಂತ 4: ಎನ್‌ಕ್ರಿಪ್ಷನ್ ಆರಿಸಿ

"ವೈರ್‌ಲೆಸ್ ಸೆಕ್ಯೂರಿಟಿ" ಎಂಬಲ್ಲಿ ಎನ್‌ಕ್ರಿಪ್ಷನ್, ಅಂದರೆ ಬೇರೆಯವರು ಓದಲಾಗದಂತೆ ಮಾಹಿತಿಯನ್ನು ಗುಟ್ಟಾಗಿಸುವ ವಿಧಾನಗಳ ಒಂದು ಪಟ್ಟಿ ಇರುತ್ತದೆ. ಡಬ್ಲ್ಯೂಪಿಎ3 ಇದ್ದರೆ ಅದು. ಅದನ್ನು ಹಾಕಿದ ಮೇಲೆ ಹಳೆಯ ಫೋನೋ ಟಿವಿಯೋ ಸೇರದಿದ್ದರೆ ಡಬ್ಲ್ಯೂಪಿಎ2 ಮತ್ತು ಡಬ್ಲ್ಯೂಪಿಎ3 ಎರಡೂ ಸೇರಿರುವ ಆಯ್ಕೆ. ಅದೂ ಇಲ್ಲದಿದ್ದರೆ ಡಬ್ಲ್ಯೂಪಿಎ2 ಜೊತೆಗೆ ಎಇಎಸ್. ಪಟ್ಟಿಯಲ್ಲಿ ಡಬ್ಲ್ಯೂಇಪಿ ಕಂಡರೆ ಮುಟ್ಟಬೇಡಿ. ಅದನ್ನು ಮುರಿಯುವ ದಾರಿ 2001ರಲ್ಲೇ ಬಯಲಾಗಿದೆ. ಟಿಕೆಐಪಿ ಎಂಬ ಹಳೆಯ ವಿಧಾನ ಕೂಡ ಬೇಡ. ಪಾಸ್‌ವರ್ಡೇ ಇಲ್ಲದ "ಓಪನ್" ಅಂತೂ ಬೇಡವೇ ಬೇಡ.

ಓಪನ್ ಇಟ್ಟರೆ ನೆಟ್ ಸ್ವಲ್ಪ ಖರ್ಚಾಗುತ್ತದೆ, ಅಷ್ಟೇ ಅಲ್ವಾ ಎನ್ನುವವರಿದ್ದಾರೆ. ಅಷ್ಟೇ ಅಲ್ಲ. 2008ರ ಅಹಮದಾಬಾದ್ ಬಾಂಬ್ ಸ್ಫೋಟದ ವೇಳೆ ಬಂದ ಬೆದರಿಕೆ ಇಮೇಲ್ ನವಿ ಮುಂಬೈಯ ಒಬ್ಬರ ಮನೆಯ ಭದ್ರತೆಯಿಲ್ಲದ ವೈಫೈಯಿಂದ ಹೋಗಿತ್ತು. ಪೊಲೀಸರು ಮೊದಲು ತಟ್ಟಿದ್ದು ಆ ಮನೆಯ ಬಾಗಿಲನ್ನು. ನಿಮ್ಮ ಸಂಪರ್ಕದಿಂದ ಹೋದದ್ದಕ್ಕೆಲ್ಲ ಮೊದಲ ಪ್ರಶ್ನೆ ಬರುವುದು ನಿಮಗೇ.

ಈ ಹಂತದಲ್ಲಿ ತುಂಬಾ ಜನ ಎಡವುತ್ತಾರೆ. ಈಗಿನ ರೂಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡಲ್ಲಿ ಕೆಲಸ ಮಾಡುತ್ತವೆ. ಎಷ್ಟೋ ರೂಟರ್‌ಗಳಲ್ಲಿ ಎರಡಕ್ಕೂ ಬೇರೆ ಬೇರೆ ಪುಟ. ಒಂದನ್ನು ಬದಲಾಯಿಸಿ ಇನ್ನೊಂದನ್ನು ಮರೆತರೆ ಹಳೆಯ ಪಾಸ್‌ವರ್ಡ್ ಅಲ್ಲಿ ಜೀವಂತವಾಗಿರುತ್ತದೆ. ಆ ಅಪರಿಚಿತ ಫೋನ್ ಇನ್ನೂ ಲಿಸ್ಟಲ್ಲಿ ಕಾಣುವುದಕ್ಕೆ ಇದೂ ಒಂದು ಕಾರಣ.

### ಹಂತ 5: ಹೆಸರು ಮತ್ತು ವೈಫೈ ಪಾಸ್‌ವರ್ಡ್

ನೆಟ್‌ವರ್ಕ್‌ಗೆ ಮನೆಯ ನಂಬರ್, ಫ್ಲ್ಯಾಟ್ ನಂಬರ್, ಮನೆಯವರ ಹೆಸರು ಇಡಬೇಡಿ. ಯಾವ ಸಿಗ್ನಲ್ ಯಾವ ಮನೆಯದು ಎಂದು ಬೀದಿಯಲ್ಲಿ ಹೋಗುವವರಿಗೆ ತಿಳಿಯಬೇಕಾಗಿಲ್ಲ.

ಪಾಸ್‌ವರ್ಡ್ ವಿಷಯದಲ್ಲಿ ನಮ್ಮಲ್ಲಿ ಒಂದು ಅಭ್ಯಾಸ ಬೇರೂರಿದೆ. ಮನೆಯವರ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡುವುದು. ಹತ್ತು ಅಂಕಿ ಇದೆ, ಸಾಕಲ್ವಾ ಅನಿಸುತ್ತದೆ. ಲೆಕ್ಕ ಹಾಕಿ ನೋಡಿ. ಭಾರತದ ಮೊಬೈಲ್ ನಂಬರ್ 6, 7, 8 ಅಥವಾ 9ರಿಂದ ಶುರುವಾಗುತ್ತದೆ. ಅಂದರೆ ಸಾಧ್ಯವಿರುವ ನಂಬರ್‌ಗಳು ಒಟ್ಟು 400 ಕೋಟಿ. ಡಬ್ಲ್ಯೂಪಿಎ2 ನೆಟ್‌ವರ್ಕ್‌ಗೆ ನಿಮ್ಮ ಫೋನ್ ಸೇರುವಾಗ ನಡೆಯುವ ಮಾತುಕತೆಯನ್ನು ಹತ್ತಿರದಲ್ಲಿ ಕೂತವರು ಹಿಡಿದಿಟ್ಟುಕೊಳ್ಳಬಹುದು. ಆಮೇಲೆ ಅವರು ನಿಮ್ಮ ಮನೆ ಹತ್ತಿರ ಇರಬೇಕಾಗಿಲ್ಲ. ತಮ್ಮ ಕಂಪ್ಯೂಟರಲ್ಲೇ ಒಂದೊಂದಾಗಿ ಊಹಿಸಿ ನೋಡಬಹುದು. ಒಳ್ಳೆಯ ಗೇಮಿಂಗ್ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಲಕ್ಷಗಟ್ಟಲೆ ಊಹೆ ಮಾಡುತ್ತದೆ. ಸೆಕೆಂಡಿಗೆ 4 ಲಕ್ಷ ಎಂದಿಟ್ಟುಕೊಂಡರೂ 400 ಕೋಟಿ ಮುಗಿಯಲು 10,000 ಸೆಕೆಂಡು, ಮೂರು ಗಂಟೆಯೂ ಇಲ್ಲ. ಬೆಳಗ್ಗೆ ತಿಂಡಿಗೆ ಕೂತಾಗ ಶುರು ಮಾಡಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ನಿಮ್ಮ ಪಾಸ್‌ವರ್ಡ್ ಅವರ ಕೈಯಲ್ಲಿ. ಹುಟ್ಟಿದ ತಾರೀಕು, ಗಾಡಿ ನಂಬರ್, ಮನೆದೇವರ ಹೆಸರಿನ ಮುಂದೆ 123 ಇವೆಲ್ಲ ಇನ್ನೂ ಬೇಗ ಸಿಗುತ್ತವೆ.

ಉಪಾಯ ಸುಲಭ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸಾಲಾಗಿ ಬರೆಯಿರಿ. ಹಲಸು, ಗಡಿಯಾರ, ಮೊಣಕೈ, ಸಂತೆ, ಹೀಗೆ. ನಡುವೆ ಒಂದೆರಡು ಅಂಕಿ ಸೇರಿಸಿ. ಗಾದೆ, ಹಾಡಿನ ಸಾಲು, ವಚನದ ಸಾಲು ಬೇಡ. ಗೊತ್ತಿರುವ ಸಾಲುಗಳನ್ನು ಊಹಿಸುವವರೂ ಮೊದಲು ನೋಡುತ್ತಾರೆ. 8ರಿಂದ 63 ಅಕ್ಷರದವರೆಗೆ ಹಾಕಬಹುದು. 16ಕ್ಕಿಂತ ಕಡಿಮೆ ಇಡಬೇಡಿ. ಅಜ್ಜಿಗೂ ನೆನಪಿರುತ್ತದೆ, ಯಂತ್ರಕ್ಕೆ ಕಷ್ಟವಾಗುತ್ತದೆ.

ಈ ಉದಾಹರಣೆಯ ಪದಗಳನ್ನೇ ಇಡಬೇಡಿ, ದಯವಿಟ್ಟು.

### ಹಂತ 6: ಮೂರು ಬಾಗಿಲು ಮುಚ್ಚಿ

ಮೊದಲನೆಯದು ಡಬ್ಲ್ಯೂಪಿಎಸ್. ಬಟನ್ ಒತ್ತಿಯೋ ಎಂಟು ಅಂಕಿಯ ಪಿನ್ ಹಾಕಿಯೋ ಸೇರಿಕೊಳ್ಳುವ ಸೌಲಭ್ಯ ಇದು. ಈ ಪಿನ್‌ನ ದೋಷ 2011ರಲ್ಲಿ ಬಯಲಾಯಿತು. ರೂಟರ್ ಪಿನ್ನನ್ನು ಎರಡು ಭಾಗವಾಗಿ ಪರೀಕ್ಷಿಸುತ್ತದೆ, ಕೊನೆಯ ಅಂಕಿ ಉಳಿದ ಏಳರಿಂದಲೇ ಲೆಕ್ಕ ಸಿಗುತ್ತದೆ. ಹಾಗಾಗಿ ಹೆಚ್ಚೆಂದರೆ 11,000 ಊಹೆ ಸಾಕು. ಹಂತ 5ರಲ್ಲಿ ಎಷ್ಟೇ ಉದ್ದದ ಪಾಸ್‌ವರ್ಡ್ ಇಟ್ಟಿದ್ದರೂ ಪಿನ್ ತೆರೆದಿದ್ದರೆ ಅದು ಕೆಲಸಕ್ಕೆ ಬಾರದು. ಡಬ್ಲ್ಯೂಪಿಎಸ್ ಪೂರ್ತಿ ಆಫ್ ಮಾಡಿ.

ಎರಡನೆಯದು "ರಿಮೋಟ್ ಮ್ಯಾನೇಜ್‌ಮೆಂಟ್". ಹೊರಗಿನ ಅಂತರ್ಜಾಲದಿಂದ ನಿಮ್ಮ ರೂಟರ್‌ನ ಸೆಟ್ಟಿಂಗ್ ಪುಟ ತೆರೆಯಲು ಬಿಡುವುದು ಇದು. ಆಫ್. ಮೂರನೆಯದು ಯುಪಿಎನ್‌ಪಿ. ಒಳಗಿನ ಸಾಧನಗಳು ನಿಮ್ಮನ್ನು ಕೇಳದೆ ಹೊರಗಿನವರಿಗೆ ದಾರಿ ತೆರೆಯಲು ಇದು ಬಿಡುತ್ತದೆ. ಆಫ್ ಮಾಡಿ ನೋಡಿ. ಮಕ್ಕಳ ಗೇಮ್ ಏನಾದರೂ ನಿಂತುಹೋದರೆ ಆಗ ಯೋಚಿಸಿದರಾಯಿತು.

### ಹಂತ 7: ಗೆಸ್ಟ್ ನೆಟ್‌ವರ್ಕ್

ಸಿಸಿಟಿವಿ ಕ್ಯಾಮೆರಾ, ಸ್ಮಾರ್ಟ್ ಬಲ್ಬ್, ಟಿವಿ, ಬಂದುಹೋಗುವ ನೆಂಟರ ಫೋನ್, ಮೇಲಿನ ಮನೆಯ ಬಾಡಿಗೆಯವರು: ಇವೆಲ್ಲ ಗೆಸ್ಟ್ ನೆಟ್‌ವರ್ಕಲ್ಲಿರಲಿ, ಅಂದರೆ ಅದೇ ರೂಟರ್ ಬೇರೆ ಹೆಸರು, ಬೇರೆ ಪಾಸ್‌ವರ್ಡಲ್ಲಿ ಕೊಡುವ ಎರಡನೇ ವೈಫೈಯಲ್ಲಿ. ನಿಮ್ಮ ಲ್ಯಾಪ್‌ಟಾಪ್, ಫೋನ್ ಮಾತ್ರ ಮುಖ್ಯ ನೆಟ್‌ವರ್ಕಲ್ಲಿ. ಅಗ್ಗದ ಕ್ಯಾಮೆರಾಗಳಿಗೆ ಅಪ್‌ಡೇಟ್ ಬರುವುದೇ ಅಪರೂಪ. ಅದರೊಳಗೆ ಯಾರಾದರೂ ನುಗ್ಗಿದರೆ ಅಲ್ಲಿಂದ ನಿಮ್ಮ ಲ್ಯಾಪ್‌ಟಾಪಿಗೆ ದಾರಿ ಇರಬಾರದು. ಗೆಸ್ಟ್ ಪುಟದಲ್ಲಿ "ಲೋಕಲ್ ನೆಟ್‌ವರ್ಕ್ ನೋಡಲು ಬಿಡು" ಎಂಬರ್ಥದ ಟಿಕ್ ಇದ್ದರೆ ತೆಗೆಯಿರಿ. ಕ್ಯಾಮೆರಾದ ಸ್ವಂತ ಪಾಸ್‌ವರ್ಡ್ ಬದಲಾಯಿಸಲು ಮರೆಯಬೇಡಿ.

### ಹಂತ 8: ಪಟ್ಟಿ ನೋಡಿ

ಈಗ "ಕನೆಕ್ಟೆಡ್ ಡಿವೈಸಸ್" ತೆರೆಯಿರಿ. ವಿಚಿತ್ರ ಹೆಸರು ಕಂಡ ತಕ್ಷಣ ಗಾಬರಿ ಬೇಡ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚೆಗೆ ಫೋನುಗಳು ತಮ್ಮ ನಿಜವಾದ ಮ್ಯಾಕ್ ವಿಳಾಸ (ಪ್ರತಿ ಸಾಧನಕ್ಕೂ ಇರುವ ಗುರುತಿನ ಸಂಖ್ಯೆ) ತೋರಿಸದೆ ಬೇರೊಂದನ್ನು ಬಳಸುತ್ತವೆ. ಮನೆಯ ಒಂದೊಂದು ಸಾಧನದ ವೈಫೈ ಆಫ್ ಮಾಡುತ್ತಾ ಪಟ್ಟಿಯನ್ನು ರಿಫ್ರೆಶ್ ಮಾಡಿ. ನೀವು ಪಟ್ಟಿ ನೋಡುತ್ತಿರುವ ಸಾಧನ ಬಿಟ್ಟು ಉಳಿದೆಲ್ಲ ಆಫ್ ಆದ ಮೇಲೂ ಇನ್ನೊಂದು ಉಳಿದರೆ, ಅದು ಹೊರಗಿನದು. ಹಂತ 4ರಿಂದ ಎರಡೂ ಬ್ಯಾಂಡ್‌ಗಳನ್ನು ಮತ್ತೆ ನೋಡಿ.

### ಸುಮ್ನೆ ಸಮಯ ಹಾಳು ಮಾಡುವವು

ನೆಟ್‌ವರ್ಕ್ ಹೆಸರು ಅಡಗಿಸುವುದು, ಮ್ಯಾಕ್ ಫಿಲ್ಟರ್ (ಪಟ್ಟಿಯಲ್ಲಿರುವ ಮ್ಯಾಕ್ ವಿಳಾಸಗಳನ್ನು ಮಾತ್ರ ಬಿಡುವುದು) ಹಾಕುವುದು. ಹೆಸರು ಅಡಗಿಸಿದರೂ ಉಚಿತ ಉಪಕರಣಗಳಿಗೆ ಕಾಣುತ್ತದೆ. ಮ್ಯಾಕ್ ವಿಳಾಸವನ್ನು ನಕಲು ಮಾಡುವುದು ಒಂದು ನಿಮಿಷದ ಕೆಲಸ. ಆ ಶ್ರಮವನ್ನು ಒಳ್ಳೆಯ ಪಾಸ್‌ವರ್ಡ್‌ಗೆ ಹಾಕಿ.

### ಅಪಾಯದ ಸೂಚನೆಗಳು

ಅಡ್ಮಿನ್ ಪಾಸ್‌ವರ್ಡ್ ನೀವು ಬದಲಾಯಿಸದೆಯೇ ಬದಲಾಗಿದೆ. ಸರಿಯಾದ ವಿಳಾಸ ಹಾಕಿದರೂ ಬ್ಯಾಂಕಿನ ಪುಟ ಬೇರೆ ಥರ ಕಾಣುತ್ತದೆ, ಅದೂ ಮನೆಯ ಎಲ್ಲ ಫೋನಲ್ಲೂ. ತಿಂಗಳ ಡೇಟಾ ಮಿತಿ ಮೊದಲ ವಾರಕ್ಕೇ ಮುಗಿಯುತ್ತದೆ. ಇವುಗಳಲ್ಲಿ ಎರಡನೆಯದು ಕಂಡರೆ ರೂಟರ್‌ನ ಡಿಎನ್‌ಎಸ್ (ಸೈಟಿನ ಹೆಸರಿಂದ ಅದರ ಅಂಕಿ ವಿಳಾಸ ಹುಡುಕಿಕೊಡುವ ಸೇವೆ) ಸೆಟ್ಟಿಂಗ್ ನೋಡಿ. 8.8.8.8 ಗೂಗಲ್‌ನದು, 1.1.1.1 ಕ್ಲೌಡ್‌ಫ್ಲೇರ್‌ನದು. ಬೇರೆ ಅಂಕಿ ಇದ್ದರೆ ನಿಮ್ಮ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಅದು ಅವರದೇ ಹೌದೋ ಎಂದು ಕೇಳಿ. ಅಲ್ಲ ಎಂದರೆ, ಮೇಲೆ ಹೇಳಿದ ಪಿಪಿಪಿಒಇ ಲಾಗಿನ್ ಬರೆದುಕೊಂಡು ರಿಸೆಟ್ ಮಾಡಿ, ಹಂತ 1ರಿಂದ ಮತ್ತೆ ಶುರು ಮಾಡಿ. ರಾತ್ರಿ ರೂಟರ್ ದೀಪ ಮಿಣುಕುವುದು ಸೂಚನೆಯಲ್ಲ. ಫೋನುಗಳು ತಾವಾಗಿ ಬ್ಯಾಕಪ್ ಮಾಡುತ್ತಿರುತ್ತವೆ.

## ಭಾಗ 2: ಹೊರಗಿನ ವೈಫೈ

ಕೆಫೆ, ರೈಲು ನಿಲ್ದಾಣ, ಲಾಡ್ಜ್ ಇಷ್ಟನ್ನೇ ಹೊರಗಿನದು ಎಂದುಕೊಳ್ಳಬೇಡಿ. ಬೆಂಗಳೂರಿನ ಪಿಜಿಯಲ್ಲಿ ಇರುವವರು ತಮ್ಮ ಪಿಜಿಯ ವೈಫೈಯನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು. ಮಹಡಿಗೊಂದು ರೂಟರ್, ಊಟದ ಹಾಲಿನ ಗೋಡೆಗೆ ಅಂಟಿಸಿದ ಪಾಸ್‌ವರ್ಡ್, ಬಿಟ್ಟುಹೋದವರಿಗೂ ಅದು ನೆನಪಿರುತ್ತದೆ. ಡಬ್ಲ್ಯೂಪಿಎ2ನಲ್ಲಿ ಒಂದೇ ಪಾಸ್‌ವರ್ಡ್ ಎಲ್ಲರಿಗೂ ಗೊತ್ತಿದ್ದರೆ, ತಿಳಿದವರು ಉಳಿದವರ ಸಂಪರ್ಕದ ಮೇಲೆ ಕಣ್ಣಿಡಬಹುದು. ಪಾಸ್‌ವರ್ಡ್ ಕೇಳುತ್ತದೆ ಎಂದ ಮಾತ್ರಕ್ಕೆ ಅದು ಖಾಸಗಿ ಆಗುವುದಿಲ್ಲ.

### ಹಂತ 1: ಮನೆ ಬಿಡುವ ಮೊದಲು

ಹಳೆಯ ನೆಟ್‌ವರ್ಕ್‌ಗಳ ಪಟ್ಟಿ ತೆರೆದು, ಮತ್ತೆ ಹೋಗದ ಹೋಟೆಲು, ಕೆಫೆಗಳನ್ನೆಲ್ಲ "ಫರ್ಗೆಟ್" ಮಾಡಿ. ಪಾಸ್‌ವರ್ಡ್ ಇಲ್ಲದ ನೆಟ್‌ವರ್ಕನ್ನು ಫೋನ್ ಗುರುತಿಸುವುದು ಹೆಸರಿನಿಂದ. ಅದೇ ಹೆಸರಿಟ್ಟು ಯಾರಾದರೂ ತಮ್ಮ ಬ್ಯಾಗಿನೊಳಗಿನ ಹಾಟ್‌ಸ್ಪಾಟ್ ಶುರು ಮಾಡಿದರೆ, ಜೇಬಿನಲ್ಲಿದ್ದ ಫೋನ್ ನಿಮ್ಮನ್ನು ಕೇಳದೆ ಸೇರಿಕೊಳ್ಳಬಹುದು. ಉಳಿಸಿಕೊಳ್ಳಲೇಬೇಕಾದವುಗಳಲ್ಲಿ "ಆಟೋ ಜಾಯಿನ್" ತೆಗೆಯಿರಿ.

ಮುಖ್ಯ ಇಮೇಲ್‌ಗೆ ಎರಡು ಹಂತದ ಪರಿಶೀಲನೆ ಹಾಕಿ. ಲ್ಯಾಪ್‌ಟಾಪ್ ಒಯ್ಯುವುದಾದರೆ ಫೈಲ್ ಶೇರಿಂಗ್ ಆಫ್ ಮಾಡಿ.

### ಹಂತ 2: ಸೇರುವ ಮೊದಲು ಬಾಯಿಬಿಟ್ಟು ಕೇಳಿ

ಪಟ್ಟಿಯಲ್ಲಿ ಒಂದೇ ಥರದ ಎರಡು ಹೆಸರು ಕಾಣುತ್ತವೆಯೇ? ಒಂದಕ್ಕೆ ಪಾಸ್‌ವರ್ಡ್ ಇದ್ದು, ಇನ್ನೊಂದಕ್ಕೆ "ಫ್ರೀ" ಎಂಬ ಬಾಲ ಇದೆಯೇ? ಕೌಂಟರಲ್ಲಿ ಕೂತವರನ್ನು ಕೇಳಿ: "ಸಾರ್, ನಿಮ್ಮ ವೈಫೈ ಹೆಸರು ಯಾವುದು?" ಈ ಒಂದು ಪ್ರಶ್ನೆ ಎಷ್ಟೋ ತೊಂದರೆ ತಪ್ಪಿಸುತ್ತದೆ. ವಿಂಡೋಸ್ ಲ್ಯಾಪ್‌ಟಾಪ್ ಆದರೆ ಸೇರಿದ ಕೂಡಲೇ "ಪಬ್ಲಿಕ್ ನೆಟ್‌ವರ್ಕ್" ಎಂದು ಆರಿಸಿ.

### ಹಂತ 3: ಲಾಗಿನ್ ಪುಟ ಏನು ಕೇಳುತ್ತಿದೆ ನೋಡಿ

ಈ ಹಂತದಲ್ಲಿ ಅವಸರ ಮಾಡಬೇಡಿ. ರೈಲು ನಿಲ್ದಾಣದ ರೈಲ್‌ವೈರ್ ವೈಫೈ ಮೊಬೈಲ್ ನಂಬರ್ ಕೇಳುತ್ತದೆ, ಓಟಿಪಿ ಕಳಿಸುತ್ತದೆ, ದಿನಕ್ಕೆ ಮೊದಲ 30 ನಿಮಿಷ ಉಚಿತವಾಗಿ ಬಿಡುತ್ತದೆ. ಅಷ್ಟೇ. ಬೇರೆ ಕಡೆಯೂ ನಂಬರ್, ಓಟಿಪಿ, ಕೆಲವೊಮ್ಮೆ ಹೆಸರು, ರೂಮ್ ನಂಬರ್ ಕೇಳುವುದು ಸಹಜ.

ಜಿಮೇಲ್ ಪಾಸ್‌ವರ್ಡ್ ಕೇಳಿದರೆ ಹೊರಗೆ ಬನ್ನಿ. ಆಧಾರ್ ನಂಬರ್, ಯುಪಿಐ ಪಿನ್, ಉಚಿತ ನೆಟ್‌ಗೆ ಕಾರ್ಡ್ ವಿವರ ಕೇಳಿದರೂ ಅಷ್ಟೇ. "ಈ ಆ್ಯಪ್ ಹಾಕಿಕೊಂಡರೆ ವೇಗ ಜಾಸ್ತಿ" ಎಂದು ಎಪಿಕೆ ಫೈಲ್ (ಪ್ಲೇ ಸ್ಟೋರ್ ಹೊರಗಿಂದ ಆ್ಯಪ್ ಹಾಕುವ ಫೈಲ್) ಕೊಟ್ಟರೆ ಮುಟ್ಟಬೇಡಿ. ಒಂದು ಸರ್ಟಿಫಿಕೇಟ್ (ಯಾವ ಸೈಟನ್ನು ನಂಬಬೇಕೆಂದು ಫೋನಿಗೆ ಹೇಳುವ ಫೈಲ್) ಇನ್‌ಸ್ಟಾಲ್ ಮಾಡಿ ಎಂದರೂ ಒಪ್ಪಬೇಡಿ, ಅದು ಆಫೀಸಿನ ಐಟಿ ವಿಭಾಗ ಕೊಟ್ಟದ್ದಲ್ಲದಿದ್ದರೆ. ಮತ್ತು ಬಂದ ಓಟಿಪಿಯ ಮೆಸೇಜನ್ನು ಪೂರ್ತಿ ಓದಿ. ಅದರಲ್ಲಿ ಬ್ಯಾಂಕಿನ ಹೆಸರೋ ವಾಟ್ಸ್ಆ್ಯಪ್ ಹೆಸರೋ ಇದ್ದರೆ, ಆ ಪುಟದ ಹಿಂದೆ ಕೂತವರು ನಿಮ್ಮ ಖಾತೆಗೆ ನುಗ್ಗಲು ನೋಡುತ್ತಿದ್ದಾರೆ.

### ಹಂತ 4: ಎಚ್ಚರಿಕೆಯ ಪುಟ ಬಂದರೆ ನಿಲ್ಲಿ

ಈಗ ಹೆಚ್ಚಿನ ಸೈಟು, ಆ್ಯಪ್‌ಗಳು ಎಚ್‌ಟಿಟಿಪಿಎಸ್ ಬಳಸುತ್ತವೆ, ಅಂದರೆ ಮಾಹಿತಿಯನ್ನು ಗುಟ್ಟಾಗಿಸಿ ಕಳಿಸುತ್ತವೆ. ಹಾಗಾಗಿ ನಡುವೆ ಕೂತವರಿಗೆ ನಿಮ್ಮ ಪಾಸ್‌ವರ್ಡ್ ಸುಲಭವಾಗಿ ಓದಲು ಸಿಗುವುದಿಲ್ಲ. ಯಾವ ಸೈಟಿಗೆ ಹೋದಿರಿ ಎಂಬುದು ಮಾತ್ರ ಕಾಣಬಹುದು. ಆದರೆ ಈ ರಕ್ಷಣೆಯನ್ನು ನೀವೇ ಮುರಿಯಬಹುದು. "ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ" ಎಂಬ ಪುಟ ಬಂದಾಗ "ಆದರೂ ಮುಂದುವರಿಸು" ಒತ್ತಿದರೆ ಆ ರಕ್ಷಣೆ ಮುಗಿಯಿತು. ಫೋನಿನ ತಾರೀಕು, ಸಮಯ ತಪ್ಪಿದ್ದರೂ ಈ ಪುಟ ಬರುತ್ತದೆ. ಅದನ್ನು ಒಮ್ಮೆ ನೋಡಿ. ಸರಿಯಿದ್ದರೆ ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಬನ್ನಿ.

ಬ್ರೌಸರಲ್ಲಿ ವಿಳಾಸದ ಪಕ್ಕ ಕಾಣುವ ಬೀಗದ ಗುರುತನ್ನು ನಂಬಿ ಕೂರಬೇಡಿ. ಮೋಸದ ಸೈಟಿಗೂ ಅದು ಸುಲಭವಾಗಿ ಸಿಗುತ್ತದೆ. ಜನ ಅದನ್ನು ತಪ್ಪಾಗಿ ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ ಆ ಗುರುತನ್ನು ತೆಗೆಯಿತು. ವಿಳಾಸದ ಅಕ್ಷರ ಓದಿ.

### ಹಂತ 5: ಹಣದ ಕೆಲಸ ಮೊಬೈಲ್ ಡೇಟಾದಲ್ಲಿ

ಬ್ಯಾಂಕ್, ಯುಪಿಐ, ಷೇರು, ತೆರಿಗೆ ಇವಕ್ಕೆ ವೈಫೈ ಆಫ್ ಮಾಡಿ ಡೇಟಾದಲ್ಲಿ ಮಾಡಿ. ಯುಪಿಐ ಆ್ಯಪ್‌ಗಳಿಗೆ ತಮ್ಮದೇ ಗಟ್ಟಿ ರಕ್ಷಣೆ ಇದೆ, ನಿಜ. ಆದರೆ ಎರಡು ನಿಮಿಷದ ಡೇಟಾಕ್ಕೆ ಆಗುವ ಖರ್ಚು ಎಷ್ಟೆಂದು? ಲ್ಯಾಪ್‌ಟಾಪಲ್ಲಿ ಮಾಡಬೇಕಾದರೆ ಫೋನಿನ ಹಾಟ್‌ಸ್ಪಾಟ್ ಕೊಡಿ, ಅದಕ್ಕೂ ಒಳ್ಳೆಯ ಪಾಸ್‌ವರ್ಡ್ ಇಡಿ.

ವಿಪಿಎನ್, ಅಂದರೆ ನಿಮ್ಮ ನೆಟ್ ಬಳಕೆಯನ್ನು ಮುಚ್ಚಿ ಇನ್ನೊಬ್ಬರ ಸರ್ವರ್ ಮೂಲಕ ಕಳಿಸುವ ಸೇವೆ, ಬೇಕೇ? ಆಫೀಸಿನವರು ಕೊಟ್ಟಿದ್ದರೆ ಖಂಡಿತ ಬಳಸಿ. ಪ್ಲೇ ಸ್ಟೋರಿನ ಹೆಸರು ಕೇಳದ ಉಚಿತ ವಿಪಿಎನ್ ಬೇಡ. ಕೆಫೆಯವರಿಂದ ಮುಚ್ಚಿಟ್ಟದ್ದನ್ನು ಇನ್ಯಾರಿಗೋ ಒಪ್ಪಿಸಿದಂತಾಗುತ್ತದೆ. ವಿಪಿಎನ್ ಕಂಪನಿಗಳು ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಕೊಟ್ಟಿತು. ಆಮೇಲೆ ಕೆಲವು ವಿದೇಶಿ ಕಂಪನಿಗಳು ಭಾರತದ ಸರ್ವರ್‌ಗಳನ್ನೇ ತೆಗೆದವು. ಮೊಬೈಲ್ ಡೇಟಾ ಇದ್ದವರಿಗೆ ವಿಪಿಎನ್ ಇಲ್ಲದೆಯೂ ನಡೆಯುತ್ತದೆ.

### ಹಂತ 6: ಏಳುವಾಗ

ಆ ನೆಟ್‌ವರ್ಕನ್ನು "ಫರ್ಗೆಟ್" ಮಾಡಿ. ಲಾಡ್ಜಿನ ಟಿವಿಯಲ್ಲಿ ನಿಮ್ಮ ಖಾತೆ ತೆರೆದಿದ್ದರೆ ಲಾಗೌಟ್ ಆಗಿ. ಇದನ್ನು ಮರೆಯುವವರೇ ಜಾಸ್ತಿ.

## ಏನೋ ಎಡವಟ್ಟಾಗಿದೆ ಅನಿಸಿದರೆ

ಹಣ ಹೋಗಿದ್ದರೆ ಬೇರೆಲ್ಲ ಬಿಟ್ಟು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬೆನ್ನಿಗೇ ಬ್ಯಾಂಕಿಗೆ. ಎಷ್ಟು ಬೇಗ ತಿಳಿಸುತ್ತೀರೋ ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯುವ ಸಾಧ್ಯತೆ ಅಷ್ಟು ಜಾಸ್ತಿ. ವಹಿವಾಟಿನ ನಂಬರ್, ಹೊತ್ತು, ಮೊತ್ತ ಕೈಯಲ್ಲಿರಲಿ. ಲಿಖಿತ ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಲ್ಲಿ ದಾಖಲಿಸಬಹುದು.

ಹಣ ಹೋಗಿಲ್ಲ, ಪಾಸ್‌ವರ್ಡ್ ಮಾತ್ರ ತಪ್ಪು ಪುಟದಲ್ಲಿ ಹಾಕಿದ್ದೇನೆ ಅನ್ನುವವರು ವೈಫೈ ಆಫ್ ಮಾಡಿ ಡೇಟಾಗೆ ಬನ್ನಿ. ಇಮೇಲ್ ಪಾಸ್‌ವರ್ಡ್ ಮೊದಲು ಬದಲಾಯಿಸಿ, ಏಕೆಂದರೆ ಉಳಿದೆಲ್ಲ ಖಾತೆಗಳ ಪಾಸ್‌ವರ್ಡ್ ರಿಸೆಟ್ ಆಗುವುದು ಅದರ ಮೂಲಕ. ಆಮೇಲೆ ಅದೇ ಸೆಟ್ಟಿಂಗಲ್ಲಿ "ಎಲ್ಲ ಸಾಧನಗಳಿಂದ ಲಾಗೌಟ್" ಒತ್ತಿ. ರಿಕವರಿ ಫೋನ್ ನಂಬರ್ ನಿಮ್ಮದೇ ಇದೆಯಾ, ಮೇಲ್ ಬೇರೆ ಯಾರಿಗಾದರೂ ತಾನಾಗಿ ಫಾರ್ವರ್ಡ್ ಆಗುತ್ತಿದೆಯಾ ನೋಡಿ. ಬ್ಯಾಂಕು, ಉಳಿದವು ಅದರ ನಂತರ. ಯಾವುದಾದರೂ ಎಪಿಕೆ ಹಾಕಿಕೊಂಡಿದ್ದರೆ ಈ ಪಾಸ್‌ವರ್ಡ್‌ಗಳನ್ನು ಆ ಫೋನಿಂದ ಬದಲಾಯಿಸಬೇಡಿ. ಮನೆಯವರ ಇನ್ನೊಂದು ಫೋನಿಂದ ಮಾಡಿ, ನಿಮ್ಮ ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಫೋಟೋಗಳ ಬ್ಯಾಕಪ್ ನೋಡಿಕೊಂಡು ಫ್ಯಾಕ್ಟರಿ ರಿಸೆಟ್ ಮಾಡಿ.